ಬೆಣ್ಣೆ ದೋಸೆ ಹೋಟೆಲಿಗೆ ಫ್ರಾಂಚೈಸಿ ಕೇಳ್ತಿದ್ದಾರೆ. ಕೊಡೋದಕ್ಕೆ ಮುಂಚೆ ಏನೇನು ಸರಿ ಮಾಡ್ಕೋಬೇಕು?

ಹಂಚಿನಮನೆ:

ದಾವಣಗೆರೆಯಲ್ಲಿ ನಮ್ಮದೊಂದು ಬೆಣ್ಣೆ ದೋಸೆ ಹೋಟೆಲ್. ಸ್ವಂತ ಕಟ್ಟಡ, ಸೌದೆ ಒಲೆ, ಎರಡು ಹಂಚು, 28 ಜನ ಕೂರುವಷ್ಟು ಜಾಗ. ಕೆಲಸಕ್ಕೆ ಆರು ಜನ, ಗಲ್ಲಾದಲ್ಲಿ ನಾನು ಇಲ್ಲಾ ನನ್ನ ತಮ್ಮ. ಜಿಎಸ್‌ಟಿ ಬಿಟ್ಟು ದಿನಕ್ಕೆ ಸರಾಸರಿ 18,000 ರೂ. ವ್ಯಾಪಾರ, ಅಂದ್ರೆ ತಿಂಗಳಿಗೆ 5.4 ಲಕ್ಷ.

ಖರ್ಚು: ದಿನಸಿ, ಬೆಣ್ಣೆ, ಕಾಯಿ, ತರಕಾರಿ, ಹಾಲು ಎಲ್ಲಾ ಸೇರಿ ವ್ಯಾಪಾರದ ಶೇ. 38. ಸಂಬಳ 1.2 ಲಕ್ಷ. ಸೌದೆ, ಗ್ಯಾಸ್ 32,000. ಕರೆಂಟ್, ನೀರು 14,000. ಪಾರ್ಸೆಲ್ ಸಾಮಾನು, ರಿಪೇರಿ, ಸೋಪು-ಬಟ್ಟೆ ಅಂತ 20,000. ಕೈಗೆ ಒಂದೂವರೆ ಲಕ್ಷದ ಹತ್ತಿರ ಉಳಿಯುತ್ತೆ.

ಚಿತ್ರದುರ್ಗದಿಂದ ಒಬ್ಬರು, ಹುಬ್ಬಳ್ಳಿಯಿಂದ ಒಬ್ಬರು, ಬೆಂಗಳೂರಿಂದ ಒಂದು ಪಾರ್ಟಿ ಫ್ರಾಂಚೈಸಿ ಕೇಳಿದ್ದಾರೆ. ನಾವು ಅಂದ್ಕೊಂಡಿರೋದು: ಫೀ 5 ಲಕ್ಷ, ರಾಯಲ್ಟಿ (ತಿಂಗಳ ವ್ಯಾಪಾರದಲ್ಲಿ ನಮಗೆ ಬರುವ ಪಾಲು) ಶೇ. 6, ಅಂಗಡಿ ರೆಡಿ ಮಾಡೋಕೆ ಅವರಿಗೆ ಸುಮಾರು 18 ಲಕ್ಷ, ಕರಾರು 5 ವರ್ಷಕ್ಕೆ. ಒಬ್ಬ ಕನ್ಸಲ್ಟೆಂಟ್ ಎಲ್ಲಾ ಪೇಪರ್ ನಾನೇ ಮಾಡಿಕೊಡ್ತೀನಿ ಅಂತಿದ್ದಾನೆ, ಪ್ರತಿ ಫ್ರಾಂಚೈಸಿ ಫೀನಲ್ಲಿ ಅವನಿಗೊಂದು ಪಾಲು.

ಬೋರ್ಡಿನ ಮೇಲೆ ಇರೋದು "ದಾವಣಗೆರೆ ಬೆಣ್ಣೆ ದೋಸೆ" ಅಂತಷ್ಟೇ, ಟ್ರೇಡ್‌ಮಾರ್ಕ್ ಮಾಡಿಸಿಲ್ಲ. ರೆಸಿಪಿ ಬರೆದಿಟ್ಟಿಲ್ಲ, ಹಿಟ್ಟು ರುಬ್ಬೋದು ಭಟ್ರ ಕೈಲೇ. ಶುರು ಎಲ್ಲಿಂದ ಮಾಡಬೇಕು? ಈ ಲೆಕ್ಕ ಸರಿ ಇದೆಯಾ?

ಗಲ್ಲಾಲೆಕ್ಕ:

ಮೊದಲು ಲೆಕ್ಕ, ಯಾಕಂದ್ರೆ ಅದು ನಿಂತರೆ ಮಾತ್ರ ಮಿಕ್ಕಿದ್ದು.

ನಿಮಗೆ ಉಳಿಯುವ 1,48,800 ರೂಪಾಯಿಯಲ್ಲಿ ಲಾಭವಲ್ಲದ ಎರಡು ಬಾಬತ್ತು ಸೇರಿಕೊಂಡಿವೆ. ಒಂದು, ಕಟ್ಟಡದ ಬಾಡಿಗೆ. ಇನ್ನೊಂದು, ಗಲ್ಲಾದಲ್ಲಿ ಕೂರುವ ಅಣ್ಣ-ತಮ್ಮಂದಿರ ಸಂಬಳ. ಫ್ರಾಂಚೈಸಿ ತಗೊಳ್ಳೋನಿಗೆ ಇವೆರಡೂ ಕೈಯಿಂದ ಹೋಗುವ ದುಡ್ಡು. ಬಾಡಿಗೆ 60,000, ಮ್ಯಾನೇಜರ್ 25,000 ಅಂತ ಹಿಡಿದರೆ ಉಳಿಯೋದು 63,800. ಅದರಲ್ಲಿ ನಿಮ್ಮ ರಾಯಲ್ಟಿ ಕೊಡಬೇಕು.

ಶೇ. 6 ಅಂದ್ರೆ 32,400. ಅದರ ಮೇಲೆ ಶೇ. 18 ಜಿಎಸ್‌ಟಿ 5,832. ಬೇರೆ ವ್ಯಾಪಾರವಾದರೆ ಈ 5,832 ಇನ್‌ಪುಟ್ ಕ್ರೆಡಿಟ್ ಆಗಿ, ಅಂದ್ರೆ ಅವನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದು, ವಾಪಸ್ ಸಿಗ್ತಿತ್ತು. ಹೋಟೆಲು ಶೇ. 5ರ ದರದಲ್ಲಿ ಇರೋದರಿಂದ ಕ್ರೆಡಿಟ್ ಇಲ್ಲ, ಅದು ಅವನ ಪಾಲಿಗೆ ಶುದ್ಧ ಖರ್ಚು. ನೀವು 6 ಅಂತ ಹೇಳ್ತೀರಿ, ಅವನು ಕೊಡೋದು 7.08. ಕೊನೆಗೆ ಅವನ ಕೈಗೆ ಬರೋದು ತಿಂಗಳಿಗೆ 25,568 ರೂ.

ಈಗ ಅವನು ಹಾಕಿರುವ ಬಂಡವಾಳ ನೋಡಿ. 18 ಲಕ್ಷ, ಜೊತೆಗೆ ಫೀ 5 ಲಕ್ಷ, ಫೀ ಮೇಲೆ ಜಿಎಸ್‌ಟಿ 90,000. ಒಟ್ಟು 23.9 ಲಕ್ಷ. ಬಾಡಿಗೆ ಅಡ್ವಾನ್ಸು ಬೇರೆ, ಅದು ವಾಪಸ್ ಬರುವ ದುಡ್ಡು ಅಂತ ಬಿಟ್ಟಿದ್ದೀನಿ. 23.9 ಲಕ್ಷವನ್ನ 25,568ರಿಂದ ಭಾಗಿಸಿದರೆ 93 ತಿಂಗಳು ದಾಟುತ್ತೆ. ನಿಮ್ಮ ಕರಾರು 5 ವರ್ಷಕ್ಕೆ ಮುಗಿಯುತ್ತೆ, ಅವನ ದುಡ್ಡು ವಾಪಸ್ ಬರೋದು ಎಂಟನೇ ವರ್ಷದಲ್ಲಿ. ಇದನ್ನ ಅವನು ಮೊದಲ ವರ್ಷ ಗಮನಿಸದೇ ಇರಬಹುದು, ಎರಡನೇ ವರ್ಷ ಗಮನಿಸ್ತಾನೆ. ಅಲ್ಲಿಂದ ಬಿಲ್ ಹೊಡೆಯದೆ ದೋಸೆ ಕೊಡೋದು, ಬೆಣ್ಣೆ ಜಾಗಕ್ಕೆ ಡಾಲ್ಡಾ ಬರೋದು, ರಾಯಲ್ಟಿ ತಡ ಆಗೋದು ಎಲ್ಲಾ ಶುರುವಾಗುತ್ತೆ.

ಇದೂ ದಿನಕ್ಕೆ 18,000 ಬಂದರೆ. ಹೊಸ ಊರಲ್ಲಿ 14,000ಕ್ಕೆ ನಿಂತರೆ? ಗ್ಯಾಸು, ಕರೆಂಟು, ಸಣ್ಣಪುಟ್ಟ ಖರ್ಚು ಸೇರಿ ಒಂದು 7,000 ಕಮ್ಮಿ ಆದರೂ, ರಾಯಲ್ಟಿಗೆ ಮುಂಚೆಯೇ ತಿಂಗಳಿಗೆ 3,600 ನಷ್ಟ. ಬಾಡಿಗೆ, ಸಂಬಳ ಇಳಿಯಲ್ಲವಲ್ಲ. ಆದ್ದರಿಂದ ಮೂರು ತಿಂಗಳ ಬಾಡಿಗೆ-ಸಂಬಳದಷ್ಟು ದುಡಿಯುವ ಬಂಡವಾಳ ಕೈಯಲ್ಲಿ ಇಲ್ಲದವನಿಗೆ ಕೊಡಬೇಡಿ.

ಹೇಗೆ ತಿದ್ದೋದು? ಫೀ 2 ಲಕ್ಷಕ್ಕೆ ಇಳಿಸಿ, ಅಂಗಡಿ ಖರ್ಚು 14 ಲಕ್ಷದೊಳಗೆ ತನ್ನಿ (ಅಲಂಕಾರದಲ್ಲಿ ಕಡಿತ ಮಾಡಿ, ಹಂಚು-ಗ್ರೈಂಡರ್-ಫ್ರಿಜ್‌ನಲ್ಲಿ ಬೇಡ), ರಾಯಲ್ಟಿ ಶೇ. 3 ಮಾಡಿ. ಆಗ ಬಂಡವಾಳ 16.36 ಲಕ್ಷ, ತಿಂಗಳಿಗೆ ಅವನಿಗೆ ಉಳಿಯೋದು 44,684, ಸುಮಾರು 37 ತಿಂಗಳಲ್ಲಿ ದುಡ್ಡು ವಾಪಸ್. ಐದು ವರ್ಷದ ಕರಾರಿಗೆ ಇದು ಒಪ್ಪುವ ಲೆಕ್ಕ.

ನಿಮ್ಮ ಕಡೆಯ ಲೆಕ್ಕ ಬೇರೆ ಇದೆ. ಶೇ. 3 ಅಂದ್ರೆ ನಿಮಗೆ ಒಂದು ಶಾಖೆಯಿಂದ 16,200. ಶಾಖೆ ಸುತ್ತಿ ತಪಾಸಣೆ ಮಾಡುವ ಒಬ್ಬನಿಗೆ ಸಂಬಳ 30,000, ಓಡಾಟಕ್ಕೆ 10,000 ಹಿಡಿದರೆ ಎರಡು ಶಾಖೆಗೆ ನಿಮಗೇ ನಷ್ಟ, ಮೂರನೆಯದು ಬಂದರೆ ಸ್ವಲ್ಪ ಉಳಿಯುತ್ತೆ. ಅದಕ್ಕೇ ಈ ಗಾತ್ರದ ಬ್ರ್ಯಾಂಡುಗಳು ರಾಯಲ್ಟಿ ಕಡಿಮೆ ಇಟ್ಟು, ಸಾಮಾನು ಸರಬರಾಜಿನಲ್ಲಿ ಅಷ್ಟಿಷ್ಟು ಮಾರ್ಜಿನ್ ಇಟ್ಕೊಳ್ಳೋದು. ತೂಕ ಮಾಡಿ ಕಟ್ಟಿದ ಅಕ್ಕಿ-ಬೇಳೆ, ಬೆಣ್ಣೆ, ಖಾರದ ಪುಡಿ ನಿಮ್ಮಿಂದಲೇ ಹೋಗಲಿ. ಹಿಟ್ಟು, ಬೆಣ್ಣೆ ಎರಡಕ್ಕೂ ಈಗ ಶೇ. 5 ಜಿಎಸ್‌ಟಿ (ಬೆಣ್ಣೆ 2025ರ ಸೆಪ್ಟೆಂಬರ್ 22ರಿಂದ 12ರಿಂದ ಇಳಿದಿದೆ). ಕ್ರೆಡಿಟ್ ಸಿಗದ ಹೋಟೆಲಿಗೆ 18ಕ್ಕಿಂತ 5 ವಾಸಿ. ಆದರೆ ಮಾರುಕಟ್ಟೆ ದರಕ್ಕಿಂತ ತೀರಾ ಮೇಲೆ ಹೋದರೆ ಅವನು ಹೊರಗಿಂದ ತರೋಕೆ ಶುರು ಮಾಡ್ತಾನೆ, ನಿಮ್ಮ ರುಚಿ ಅಲ್ಲಿಗೇ ಮುಗೀತು.

ಇನ್ನೆರಡು ಸಣ್ಣ ವಿಷಯ. ತಗೊಳ್ಳೋರು ಕಂಪನಿ ಅಥವಾ ಪಾಲುದಾರಿಕೆ ಸಂಸ್ಥೆಯಾಗಿದ್ದು, ವರ್ಷದ ರಾಯಲ್ಟಿ 50,000 ದಾಟಿದರೆ ಶೇ. 10 ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಕಡಿದು ಕೊಡ್ತಾರೆ. ಕಡಿಯೋದು ಜಿಎಸ್‌ಟಿ ಬಿಟ್ಟ ಮೊತ್ತದ ಮೇಲೆ, ಬಿಲ್‌ನಲ್ಲಿ ಅದನ್ನ ಬೇರೆಯಾಗಿ ತೋರಿಸಿ. ಇನ್ನು ಆ ಕನ್ಸಲ್ಟೆಂಟು. ಸಹಿ ಬಿದ್ದಷ್ಟು ಫೀನಲ್ಲಿ ಪಾಲು ಸಿಗೋನಿಗೆ ಅಂಗಡಿ ನಡೆದರೇನು, ಮುಚ್ಚಿದರೇನು? ಕೆಲಸಕ್ಕೆ ಇಷ್ಟು ಅಂತ ಒಂದೇ ಮೊತ್ತ ಮಾತಾಡಿ, ಇಲ್ಲದಿದ್ದರೆ ಬಿಡಿ.

ಹಿಟ್ಟಿನಹದ:

ಲೆಕ್ಕದ ಮಾತು ಮೇಲೆ ಬಂದಿದೆ, ನಾನು ಅಡುಗೆಮನೆ ಮಾತ್ರ ಹೇಳ್ತೀನಿ. "ರೆಸಿಪಿ ಬರೆದಿಟ್ಟಿಲ್ಲ, ಭಟ್ರ ಕೈಲೇ" ಅಂದ್ರಲ್ಲ, ಹಾಗಿದ್ದರೆ ಸದ್ಯಕ್ಕೆ ಕೊಡೋಕೆ ನಿಮ್ಮ ಹತ್ರ ಏನೂ ಇಲ್ಲ ಸಾರ್. ಭಟ್ರನ್ನ ಮೂರು ಊರಿಗೆ ಹಂಚೋಕೆ ಆಗಲ್ಲ.

ಸೇರು, ಪಾವು ಬಿಟ್ಟು ತೂಕಕ್ಕೆ ಬನ್ನಿ. ಬೆಣ್ಣೆ ದೋಸೆಯಲ್ಲಿ ಇದು ಬೇರೆ ದೋಸೆಗಿಂತ ಮುಖ್ಯ, ಕಾರಣ ಮಂಡಕ್ಕಿ. ಒಂದು ಸೇರು ಮಂಡಕ್ಕಿ ಸಡಿಲವಾಗಿ ಸುರಿದರೆ ಒಂದು ತೂಕ, ಅದುಮಿ ತುಂಬಿದರೆ ಇನ್ನೊಂದು, ಮಳೆಗಾಲದಲ್ಲಿ ಮೆತ್ತಗಾದರೆ ಮತ್ತೊಂದು. ಮಂಡಕ್ಕಿ ಜಾಸ್ತಿಯಾದರೆ ದೋಸೆ ಹಂಚು ಬಿಡದೆ ಅಂಟುತ್ತೆ, ಕಮ್ಮಿಯಾದರೆ ಒಳಗಿನ ಮೆತ್ತನೆ ಹೋಗಿ ಬರೀ ಗರಿ ಉಳಿಯುತ್ತೆ. ಶುರು ಮಾಡೋಕೆ ಒಂದು ಅಂದಾಜು: ಅಕ್ಕಿ 10 ಕೆ.ಜಿ., ಉದ್ದಿನಬೇಳೆ 2.2 ಕೆ.ಜಿ., ಮಂಡಕ್ಕಿ 700 ಗ್ರಾಂ, ಮೆಂತ್ಯ 100 ಗ್ರಾಂ. ನೀರು ಸೇರಿ 28ರಿಂದ 30 ಕೆ.ಜಿ. ಹಿಟ್ಟು ಬರುತ್ತೆ. ಇದನ್ನೇ ಹಿಡಿಯಿರಿ ಅಂತಲ್ಲ. ಭಟ್ರು ಒಂದು ವಾರ ತಮ್ಮ ಪಾಡಿಗೆ ತಾವು ಮಾಡಲಿ, ನೀವು ಪಕ್ಕದಲ್ಲಿ ತಕ್ಕಡಿ ಇಟ್ಟು ಪ್ರತಿಯೊಂದನ್ನೂ ತೂಗಿ ಬರೀರಿ, ನೀರನ್ನೂ ಬಿಡಬೇಡಿ. ಸರಾಸರಿಯೇ ನಿಮ್ಮ ರೆಸಿಪಿ.

ಉದ್ದು ಒಂದೇ ಮಂಡಿಯಿಂದ, ಒಂದೇ ಲಾಟಿನಿಂದ ತಗೊಳ್ಳಿ. ಹಳೇ ಬೇಳೆ ಅಷ್ಟು ಉಬ್ಬಲ್ಲ. ಶಾಖೆಯವನು ಅಗ್ಗಕ್ಕೆ ಸಿಕ್ತು ಅಂತ ಲೋಕಲ್ ಬೇಳೆ ತಂದ ದಿನವೇ ದೋಸೆ ಚಪ್ಪಟೆ.

ಹುದುಗು ಬರೋದು ಊರಿನ ಹವೆ ಮೇಲೆ. 28-30 ಡಿಗ್ರಿಯಲ್ಲಿ 8ರಿಂದ 10 ಗಂಟೆ ಸಾಕು. ಡಿಸೆಂಬರ್‌ನಲ್ಲಿ ರಾತ್ರಿ 16-18 ಡಿಗ್ರಿಗೆ ಇಳಿದರೆ ಅದೇ ಹಿಟ್ಟಿಗೆ 14 ಗಂಟೆಯೂ ಸಾಲದು. ಕರಾವಳಿಯಲ್ಲಿ ಏಪ್ರಿಲ್‌ಗೆ ಆರು ಗಂಟೆಗೇ ಹುಳಿ ಹತ್ತುತ್ತೆ. ಆದ್ದರಿಂದ "ರಾತ್ರಿ ರುಬ್ಬಿ ಬೆಳಿಗ್ಗೆ ಹಾಕಿ" ಅಂತ ಶಾಖೆಗೆ ಕೊಡುವ ರೆಸಿಪಿ ಕಾರ್ಡಲ್ಲಿ ಬರೀಬೇಡಿ. ಹುಳಿ ಅಳೆಯುವ ಒಂದು ಪಿಎಚ್ ಮೀಟರ್ ಕೊಡಿಸಿ, ಹಿಟ್ಟು 4.4ರ ಆಸುಪಾಸಿಗೆ ಬಂದಾಗ ಫ್ರಿಜ್‌ಗೆ ಹೋಗಬೇಕು ಅಂತ ಬರೀರಿ. ಗ್ರೈಂಡರ್‌ನಿಂದ ಇಳಿಯುವಾಗ ಹಿಟ್ಟು 30 ಡಿಗ್ರಿ ದಾಟಿದ್ದರೆ ಮುಂದಿನ ಲೆಕ್ಕವೆಲ್ಲಾ ತಪ್ಪುತ್ತೆ, ಬೇಸಿಗೆಯಲ್ಲಿ ತಣ್ಣೀರು ಅಥವಾ ಐಸ್ ಹಾಕಿ ರುಬ್ಬಬೇಕು.

ಹಿಟ್ಟನ್ನ ನೀವೇ ರುಬ್ಬಿ ಕಳಿಸೋದಾ, ಅಲ್ಲೇ ರುಬ್ಬಿಸೋದಾ? ಚಿತ್ರದುರ್ಗ 60 ಕಿ.ಮೀ., ದಿನಾ ಕಳಿಸಬಹುದು. ಹುಬ್ಬಳ್ಳಿ 150ರ ಹತ್ತಿರ, ಕಳಿಸಬಹುದು ಆದರೆ ಒಂದೇ ಶಾಖೆಗೆ ಗಾಡಿ ಖರ್ಚು ಹುಟ್ಟಲ್ಲ. ಬೆಂಗಳೂರಿಗೆ ಹಿಟ್ಟು ಕಳಿಸುವ ಯೋಚನೆ ಬಿಡಿ, ಅಲ್ಲಿ ತೂಕ ಮಾಡಿದ ಒಣ ಪೊಟ್ಟಣ ಕಳಿಸಿ ಅಲ್ಲೇ ರುಬ್ಬಿಸಿ. ಹಿಟ್ಟು ಕಳಿಸೋದಾದರೆ 5 ಡಿಗ್ರಿಗಿಂತ ಕೆಳಗೆ ತಂದ ಮೇಲೇ ಗಾಡಿ ಹತ್ತಬೇಕು. ಕ್ಯಾನು ಮುಕ್ಕಾಲಿಗಿಂತ ಜಾಸ್ತಿ ತುಂಬಬಾರದು, ಗ್ಯಾಸ್ ಎದ್ದು ಮುಚ್ಚಳ ಹಾರುತ್ತೆ. 48 ಗಂಟೆ ದಾಟಿದ್ದನ್ನ ಚೆಲ್ಲಬೇಕು. ಬಿಸಿ ಹಿಟ್ಟನ್ನ 40 ಲೀಟರ್ ಕ್ಯಾನಿಗೆ ತುಂಬಿ ಫ್ರಿಜ್‌ನಲ್ಲಿ ಇಟ್ಟರೆ ನಡುಭಾಗ ತಣ್ಣಗಾಗೋದು ಮರುದಿನವೇ, ಅಷ್ಟರಲ್ಲಿ ಒಳಗೆಲ್ಲಾ ಹುಳಿ. 10 ಲೀಟರ್ ಡಬ್ಬಗಳೇ ಒಳ್ಳೇದು.

ಬೆಣ್ಣೆ ದೊಡ್ಡ ತಲೆನೋವು. ಈಗ ಹಳ್ಳಿಯಿಂದ ಬರುವ ಬಿಡಿ ಬೆಣ್ಣೆ ಬಳಸ್ತಿದ್ದರೆ ನಾಲ್ಕು ಶಾಖೆಗೆ ಅದು ಸಾಲಲ್ಲ, ನೀರಿನಂಶ ವಾರಕ್ಕೊಂದು ಥರ ಇರುತ್ತೆ, ವನಸ್ಪತಿ ಬೆರೆಸಿದರೆ ಕಣ್ಣಿಗೆ ಗೊತ್ತಾಗಲ್ಲ. ಡೇರಿಯ ಉಪ್ಪಿಲ್ಲದ ಬೆಣ್ಣೆಗೆ ಈಗಲೇ ಬದಲಾಯಿಸಿ, ನಿಮ್ಮ ಮೂಲ ಅಂಗಡಿಯಲ್ಲೇ. ಗಿರಾಕಿ ಒಪ್ಪಿದರೆ ಮುಂದೆ ಹೋಗಿ. ದೋಸೆಗೆ 18 ಗ್ರಾಂ ಅಂತ ಇಟ್ಟರೆ ಚಮಚದ ಅಳತೆ ಕೊಡಿ, "ಕಣ್ಣಂದಾಜು" ಅನ್ನೋ ಮಾತು ಬೇಡ.

ಸೌದೆ ಒಲೆ ಬಗ್ಗೆ: ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಡದ ಓನರ್ ಸೌದೆಗೆ ಒಪ್ಪೋದು ಕಷ್ಟ, ಗ್ಯಾಸೇ ಗತಿ. ಗ್ಯಾಸಿಗೆ ಹಂಚು ದಪ್ಪ ಇರಬೇಕು, 12 ಮಿ.ಮೀ.ಗಿಂತ ತೆಳ್ಳಗಿದ್ದರೆ ಹಿಟ್ಟು ಹುಯ್ದ ಕೂಡಲೇ ಕಾವು ಬಿದ್ದುಹೋಗುತ್ತೆ. ಇನ್‌ಫ್ರಾರೆಡ್ ಥರ್ಮಾಮೀಟರ್‌ನಲ್ಲಿ ನೋಡಿ, 190-200 ಡಿಗ್ರಿ ಬಂದಾಗ ಹುಯ್ಯಲಿ. 19 ಕೆ.ಜಿ. ಸಿಲಿಂಡರ್ ಖಾಲಿ-ತುಂಬಿದ್ದು ಸೇರಿ ಐದಕ್ಕಿಂತ ಹೆಚ್ಚು ಇಡೋಕೆ ಬಿಡಬೇಡಿ, 100 ಕೆ.ಜಿ. ಗ್ಯಾಸ್ ದಾಟಿದರೆ ದಾಸ್ತಾನಿಗೆ ಬೇರೆ ಪರವಾನಗಿ ಬೇಕಾಗುತ್ತೆ.

ಚಟ್ನಿ ಎಲ್ಲಿಂದಲೂ ಕಳಿಸಬೇಡಿ. ಕಾಯಿ ಚಟ್ನಿ ಅಲ್ಲಲ್ಲೇ, ಸ್ವಲ್ಪ ಸ್ವಲ್ಪ ರುಬ್ಬಬೇಕು, ಹೊರಗಿಟ್ಟದ್ದು ಎರಡು ಗಂಟೆ ದಾಟಬಾರದು. ಕಾಯಿ ದರ ಏರಿದಾಗ ಶಾಖೆಯವನು ಮೊದಲು ಮಾಡೋದೇ ಪುಟಾಣಿ ಜಾಸ್ತಿ ಹಾಕೋದು, ಚಟ್ನಿ ಹಳದಿಗೆ ತಿರುಗಿ ಗಟ್ಟಿಯಾಗುತ್ತೆ. ತಪಾಸಣೆಗೆ ಹೋದವನು ದೋಸೆಗಿಂತ ಮೊದಲು ಚಟ್ನಿ ನೋಡಲಿ.

ಹಂಚಿನಮನೆ:

ಇಬ್ಬರಿಗೂ ಧನ್ಯವಾದ. ಬಾಡಿಗೆ ಲೆಕ್ಕ ನಾವು ಹಾಕಿರಲೇ ಇಲ್ಲ. ಎರಡು ಅನುಮಾನ: ಶಾಖೆಯವರು ಬಿಲ್ ಹೊಡೆಯದೆ ಮಾರಿದರೆ ಗೊತ್ತಾಗೋದು ಹೇಗೆ? ಇನ್ನೊಂದು, ತೂಕ ಸಮೇತ ರೆಸಿಪಿ ಕೊಟ್ಟ ಮೇಲೆ ಆರು ತಿಂಗಳಿಗೆ ಬೋರ್ಡ್ ಬದಲಾಯಿಸಿ ತಮ್ಮದೇ ಹೆಸರಲ್ಲಿ ನಡೆಸಿದರೆ?

ಹಿಟ್ಟಿನಹದ:

ಮೊದಲನೆಯದಕ್ಕೆ ಹಿಟ್ಟೇ ಸಾಕ್ಷಿ. ದೋಸೆಗೆ 100 ಗ್ರಾಂ ಹಿಟ್ಟು ಅಂದ್ರೆ ಕೆ.ಜಿ.ಗೆ 10. ಶೇ. 4 ಹಾಳಾಯ್ತು ಅಂತ ಬಿಟ್ಟರೂ 22 ಕೆ.ಜಿ. ಹಿಟ್ಟಿಗೆ 211 ದೋಸೆ ಬಿಲ್ ಆಗಿರಬೇಕು. ತಿಂಗಳ ಕೊನೆಗೆ ಹಿಟ್ಟು ಮತ್ತು ಬೆಣ್ಣೆ ಎರಡನ್ನೂ ಬಿಲ್ ಜೊತೆ ತಾಳೆ ನೋಡಿ. ಹಿಟ್ಟು ಜಾಸ್ತಿ ಖರ್ಚಾಗಿ ಬೆಣ್ಣೆ ಸರಿಯಾಗಿದ್ದರೆ ಹಿಟ್ಟು ಹಾಳಾಗ್ತಿದೆ, ಇಲ್ಲಾ ಬೆಣ್ಣೆಯಲ್ಲಿ ಕೈ ಬಿಗಿ ಮಾಡ್ತಿದ್ದಾರೆ. ಎರಡೂ ಒಂದೇ ಪ್ರಮಾಣದಲ್ಲಿ ಜಾಸ್ತಿ ಆಗಿದ್ದರೆ ಬಿಲ್ ತಪ್ಪಿಸ್ತಿದ್ದಾರೆ. ಎರಡೂ ಕಮ್ಮಿ ಇದ್ದರೆ ಹೊರಗಿಂದ ಸಾಮಾನು ಬರ್ತಿದೆ. ಬಿಲ್ಲಿಂಗ್ ಸಾಫ್ಟ್‌ವೇರು ನಿಮ್ಮ ಖಾತೆಯಲ್ಲೇ ಇರಲಿ, ಶಾಖೆಗೆ ಲಾಗಿನ್ ಕೊಡಿ. ರದ್ದು ಮಾಡಿದ ಬಿಲ್‌ಗಳ ಪಟ್ಟಿ ನಿಮಗೆ ಪ್ರತಿದಿನ ಬರುವ ಹಾಗಿರಲಿ. ಎರಡನೇ ಪ್ರಶ್ನೆ ವಕೀಲರ ಕಡೆಗೆ.

ಕರಾರುಪತ್ರ:

ಇಷ್ಟರ ತನಕ ಯಾರೂ ಹೆಸರಿನ ಮಾತು ಎತ್ತಲಿಲ್ಲ. ಫ್ರಾಂಚೈಸಿ ಅಂದ್ರೆ ಹೆಸರು ಬಳಸುವ ಹಕ್ಕನ್ನ ಬಾಡಿಗೆಗೆ ಕೊಡೋದು. "ದಾವಣಗೆರೆ ಬೆಣ್ಣೆ ದೋಸೆ" ನಿಮ್ಮ ಹೆಸರಲ್ಲ. ಊರಿನ ಹೆಸರು, ತಿಂಡಿ ಹೆಸರು, ಎರಡೂ ಸಾಮಾನುಗಳನ್ನು ವಿವರಿಸುವ ಪದಗಳು, 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಂ ಕೆಳಗೆ ತಿರಸ್ಕಾರವಾಗುತ್ತೆ. ಲೋಗೋ ಜೊತೆ ಸಿಕ್ಕರೂ ಆ ಪದಗಳ ಮೇಲೆ ನಿಮಗೊಬ್ಬರಿಗೇ ಹಕ್ಕು ಬರಲ್ಲ. ನಾಳೆ ಹುಬ್ಬಳ್ಳಿಯವನು ಕರಾರು ಮುರಿದು ಅದೇ ಬೋರ್ಡು ಇಟ್ಕೊಂಡರೆ ತೆಗೆಸೋಕೆ ಕಷ್ಟ.

ಆದ್ದರಿಂದ ಮುಂದೆ ಒಂದು ಸ್ವಂತ ಪದ ಸೇರಿಸಿ, ಕೆಳಗೆ ಸಣ್ಣಕ್ಷರದಲ್ಲಿ ಬೆಣ್ಣೆ ದೋಸೆ ಅಂತ ಇರಲಿ. ಮನೆ ಹೆಸರು, ಅಜ್ಜಿ ಹೆಸರು, ಹಳೇ ಗಿರಾಕಿಗಳು ಕರೆಯುವ ಅಡ್ಡಹೆಸರು, ಯಾವುದಾದರೂ ಸರಿ, ದೇವರ ಹೆಸರು ಮಾತ್ರ ಬೇಡ, ಆಗಲೇ ನೂರು ಜನ ಅರ್ಜಿ ಹಾಕಿರ್ತಾರೆ. ಟ್ರೇಡ್‌ಮಾರ್ಕ್ ವೆಬ್‌ಸೈಟಿನಲ್ಲಿ ಉಚ್ಚಾರಣೆ ಪ್ರಕಾರ ಹುಡುಕುವ ಸೌಲಭ್ಯ ಇದೆ, ಮೊದಲು ಅಲ್ಲಿ ನೋಡಿ. ಅರ್ಜಿ ನಮೂನೆ ಟಿಎಂ-ಎ. ಹೋಟೆಲ್ ಸೇವೆಗೆ 43ನೇ ವರ್ಗ, ಹಿಟ್ಟು-ಪುಡಿ ಮಾರುವ ಯೋಚನೆ ಇದ್ದರೆ 30ನೇ ವರ್ಗವೂ ಬೇಕು. ವ್ಯಕ್ತಿ ಹೆಸರಲ್ಲಿ ಅಥವಾ ಉದ್ಯಮ್ ಪ್ರಮಾಣಪತ್ರ ಇರುವ ಸಣ್ಣ ಉದ್ದಿಮೆ ಹೆಸರಲ್ಲಿ ಆನ್‌ಲೈನ್ ಅರ್ಜಿಗೆ ವರ್ಗಕ್ಕೆ 4,500 ರೂ., ಮಿಕ್ಕವರಿಗೆ 9,000. ಕರ್ನಾಟಕದ ಅರ್ಜಿಗಳು ಹೋಗೋದು ಚೆನ್ನೈ ಕಚೇರಿಗೆ. ಪರೀಕ್ಷೆ ಮುಗಿದು ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ನಾಲ್ಕು ತಿಂಗಳು ಯಾರು ಬೇಕಾದರೂ ಆಕ್ಷೇಪಣೆ ಹಾಕಬಹುದು. ನೋಂದಣಿಯಾದರೆ ಅರ್ಜಿ ದಿನಾಂಕದಿಂದ 10 ವರ್ಷ. ಅಲ್ಲಿಯವರೆಗೆ ಬೋರ್ಡಲ್ಲಿ ಟಿಎಂ ಗುರುತು ಹಾಕಬಹುದು. ವೃತ್ತದೊಳಗಿನ ಆರ್ ಹಾಕಬೇಡಿ, ನೋಂದಣಿಗೆ ಮುಂಚೆ ಅದು ಅಪರಾಧ.

ಅರ್ಜಿ ಯಾರ ಹೆಸರಲ್ಲಿ ಅನ್ನೋದನ್ನ ನೀವು ಮತ್ತು ತಮ್ಮ ಈಗಲೇ ಕೂತು ತೀರ್ಮಾನ ಮಾಡಿ. ಒಬ್ಬರ ಹೆಸರಲ್ಲಿ ಹಾಕಿ ನಾಳೆ ಪಾಲು ಆದರೆ, ಇರುವ ಫ್ರಾಂಚೈಸಿಗಳೆಲ್ಲಾ ಜಗಳದ ಮಧ್ಯೆ ಸಿಗ್ತಾರೆ.

ನಿಮ್ಮ ಎರಡನೇ ಪ್ರಶ್ನೆಗೆ ಬರ್ತೀನಿ. ಭಾರತದಲ್ಲಿ ಫ್ರಾಂಚೈಸಿಗೆ ಅಂತ ಪ್ರತ್ಯೇಕ ಕಾಯ್ದೆ ಇಲ್ಲ, ಎಲ್ಲಾ 1872ರ ಕರಾರು ಕಾಯ್ದೆ ಮೇಲೇ ನಿಂತಿರೋದು. ಅದರ 27ನೇ ಕಲಂ ಪ್ರಕಾರ ವ್ಯಾಪಾರಕ್ಕೆ ತಡೆ ಹಾಕುವ ಷರತ್ತು ಅನೂರ್ಜಿತ. ಕರಾರು ಚಾಲ್ತಿಯಲ್ಲಿ ಇರುವವರೆಗೆ "ಬೇರೆ ದೋಸೆ ಅಂಗಡಿ ಇಡಬಾರದು" ಅನ್ನೋದು ನಿಲ್ಲುತ್ತೆ. 1995ರಲ್ಲಿ ಗುಜರಾತ್ ಬಾಟ್ಲಿಂಗ್ ಮತ್ತು ಕೋಕಾ ಕೋಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದ್ದು, ಅದೂ ಫ್ರಾಂಚೈಸಿ ಕರಾರೇ. ಕರಾರು ಮುಗಿದ ಮೇಲೆ "ಎರಡು ವರ್ಷ ಈ ಧಂಧೆ ಮಾಡಬಾರದು" ಅಂತ ಬರೆದರೆ ಅದು ಕಾಗದದ ಮೇಲೆ ಚೆನ್ನಾಗಿ ಕಾಣುತ್ತೆ, ಕೋರ್ಟಿನಲ್ಲಿ ನಿಲ್ಲೋದು ಅನುಮಾನ. ಹೀಗಾಗಿ ರಕ್ಷಣೆ ಬೇರೆ ಕಡೆಯಿಂದ ಬರಬೇಕು.

ಒಂದನೇದು, ಪೂರ್ತಿ ರೆಸಿಪಿ ಕೊಡಲೇಬೇಡಿ. ಖಾರದ ಪುಡಿ, ಅಕ್ಕಿ-ಬೇಳೆ ಮಿಶ್ರಣ ನಿಮ್ಮಲ್ಲೇ ಕಟ್ಟಿ ಹೋಗಲಿ, ಕಾರ್ಡಿನಲ್ಲಿ "ಪೊಟ್ಟಣ ಎ ಒಂದು, ನೀರು ಇಷ್ಟು" ಅಂತಿರಲಿ. ಎರಡನೇದು, ಬಾಡಿಗೆ ಕರಾರು. ಅಂಗಡಿ ಜಾಗದ ಮಾಲೀಕ, ಫ್ರಾಂಚೈಸಿ, ನೀವು ಮೂವರೂ ಸಹಿ ಹಾಕಿ, ಫ್ರಾಂಚೈಸಿ ರದ್ದಾದರೆ ಬಾಡಿಗೆ ನಿಮ್ಮ ಹೆಸರಿಗೆ ವರ್ಗವಾಗುವ ಆಯ್ಕೆ ಇಟ್ಕೊಳ್ಳಿ. ಗಿರಾಕಿ ಬರೋದು ಜಾಗಕ್ಕೆ. ಒಂದು ವರ್ಷ ಮೀರಿದ ಬಾಡಿಗೆ ಕರಾರು ನೋಂದಣಿಯಾಗಬೇಕು, 11 ತಿಂಗಳ ಚೀಟಿ ಇಟ್ಕೊಂಡು 5 ವರ್ಷದ ಫ್ರಾಂಚೈಸಿ ಕೊಡಬೇಡಿ. ಮೂರನೇದು, ಗೂಗಲ್ ಮ್ಯಾಪ್‌ನ ಅಂಗಡಿ ಪುಟ, ಇನ್‌ಸ್ಟಾಗ್ರಾಂ, ಬೋರ್ಡಿನ ಮೇಲಿನ ಫೋನ್ ನಂಬರ್ ಎಲ್ಲಾ ನಿಮ್ಮ ಖಾತೆಯಲ್ಲಿ ಇರಲಿ. ಬಿಟ್ಟು ಹೋದವನು ಬೋರ್ಡು ತೆಗೆದರೂ ಸಾವಿರ ರಿವ್ಯೂ ಇರುವ ಮ್ಯಾಪ್ ಪುಟದ ಹೆಸರು ಬದಲಾಯಿಸಿಕೊಂಡರೆ ನಿಮ್ಮ ಗಿರಾಕಿ ಅವನ ಹತ್ರಾನೇ ಹೋಗ್ತಾರೆ.

"ಮಾರಾಟ" ಅಂದ್ರೆ ಏನು ಅಂತ ಕರಾರಿನಲ್ಲಿ ಬಿಡಿಸಿ ಬರೀರಿ. ಸ್ವಿಗ್ಗಿ, ಜೊಮ್ಯಾಟೊ ಆರ್ಡರಿಗೆ ಜಿಎಸ್‌ಟಿಯನ್ನ 2022ರ ಜನವರಿ 1ರಿಂದ ಆ ಕಂಪನಿಗಳೇ ಕಟ್ತವೆ, ಕಮಿಷನ್ ಕಡಿದು ದುಡ್ಡು ಕೊಡ್ತವೆ. ರಾಯಲ್ಟಿ ಕಮಿಷನ್‌ಗೆ ಮುಂಚಿನ ಮೊತ್ತಕ್ಕೋ, ಕೈಗೆ ಬಂದದ್ದಕ್ಕೋ? ಮೊದಲ ಜಗಳ ಆಗೋದು ಇಲ್ಲೇ. ಪ್ರದೇಶದ ಹಕ್ಕನ್ನ "ಹುಬ್ಬಳ್ಳಿ" ಅಂತ ಬರೀಬೇಡಿ, ಹುಬ್ಬಳ್ಳಿ-ಧಾರವಾಡ ಎರಡೂ ಒಬ್ಬನಿಗೇ ಹೋದ ಹಾಗಾಗುತ್ತೆ. ಪಿನ್‌ಕೋಡ್ ಹಾಕಿ ಬರೀರಿ, ಡೆಲಿವರಿ ವ್ಯಾಪ್ತಿ ಬೇರೆಯಾಗಿ ಬರೀರಿ.

ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ಪರವಾನಗಿ ಜಾಗಕ್ಕೆ ಅಂಟಿದ್ದು. ಪ್ರತಿ ಶಾಖೆಗೆ ಶಾಖೆಯವನ ಹೆಸರಲ್ಲಿ ಬೇರೆ, ನಿಮ್ಮ ಹಿಟ್ಟಿನ ಮನೆಗೆ ಬೇರೆ. ನಿಮ್ಮ ನಂಬರನ್ನ ಅವರ ಬಿಲ್‌ನಲ್ಲಿ ಅಚ್ಚು ಹಾಕೋಕೆ ಬಿಟ್ಟರೆ ಅಲ್ಲಿ ಯಾರಿಗಾದರೂ ಹೊಟ್ಟೆ ಕೆಟ್ಟರೆ ನೋಟಿಸು ನಿಮ್ಮ ಮನೆಗೆ.

ಬೆಂಗಳೂರಿನ ಪಾರ್ಟಿ "ದುಡ್ಡು ನಮ್ದು, ನಡೆಸೋದು ನೀವು, ತಿಂಗಳಿಗೆ ಇಷ್ಟು ಗ್ಯಾರಂಟಿ ಕೊಡಿ" ಅಂದರೆ ಒಪ್ಪಬೇಡಿ. ನಿಗದಿತ ಲಾಭದ ಭರವಸೆ ಕೊಟ್ಟು ಜನರಿಂದ ದುಡ್ಡು ತಗೊಂಡರೆ 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆ ಕೆಳಗೆ ಪ್ರಶ್ನೆ ಏಳಬಹುದು. ದೋಸೆ ಮಾರೋಕೆ ಹೋಗಿ ಠೇವಣಿ ಕೇಸು ಯಾಕೆ?

ದುಡ್ಡುಹಾಕೋನು:

ತಗೊಳ್ಳುವವರ ಕಡೆಯಿಂದ ಎರಡು ಮಾತು. ಬುದ್ಧಿ ಇರೋ ಗಿರಾಕಿ ನಿಮ್ಮ ಬ್ರೋಷರ್ ನೋಡಲ್ಲ. ಕಳೆದ 12 ತಿಂಗಳ ಜಿಎಸ್‌ಟಿ ರಿಟರ್ನ್ ಕೇಳ್ತಾರೆ, ಕರೆಂಟ್ ಬಿಲ್ ಕೇಳ್ತಾರೆ, ಬೆಣ್ಣೆ ಖರೀದಿ ಬಿಲ್ ಕೇಳ್ತಾರೆ. ದಿನಕ್ಕೆ 18,000 ಅಂತ ಬಾಯಲ್ಲಿ ಹೇಳಿ ರಿಟರ್ನ್‌ನಲ್ಲಿ 9,000 ತೋರಿಸಿದ್ದರೆ ಮಾತುಕತೆ ಅಲ್ಲಿಗೇ ನಿಲ್ಲುತ್ತೆ. ಈ ವರ್ಷವೇ ಪೂರ್ತಿ ಬಿಲ್ಲಿಂಗ್‌ಗೆ ಬನ್ನಿ.

ಅವರು ಕೇಳುವ ಇನ್ನೊಂದು ಪ್ರಶ್ನೆ: ಎರಡನೇ ಅಂಗಡಿ ಎಲ್ಲಿದೆ? ಒಂದೇ ಅಂಗಡಿ ನಡೀತಿದೆ ಅಂದ್ರೆ ಅದು ಜಾಗದಿಂದಲೋ, ನಿಮ್ಮ ಮುಖ ನೋಡಿಯೋ, ಭಟ್ರಿಂದಲೋ ಹೇಳೋಕಾಗಲ್ಲ. ನನ್ನ ಅಭಿಪ್ರಾಯ, ಚಿತ್ರದುರ್ಗದ ಅಂಗಡಿಯನ್ನ ಫ್ರಾಂಚೈಸಿ ಕೊಡದೆ ನೀವೇ ಇಡಿ. ಬಾಡಿಗೆ ಕಟ್ಟಡ, ಗ್ಯಾಸ್ ಒಲೆ, ಹೊರಗಿನ ಮ್ಯಾನೇಜರ್, ಹೊಸ ಭಟ್ರು. ನೀವಾಗಲಿ ತಮ್ಮ ಆಗಲಿ ಗಲ್ಲಾದಲ್ಲಿ ಕೂರಬಾರದು. ಒಂದು ಬೇಸಿಗೆ, ಒಂದು ಮಳೆಗಾಲ, ಒಂದು ಚಳಿಗಾಲ ದಾಟಲಿ. ಹಾಲಿನ ದರ 2025ರ ಏಪ್ರಿಲ್‌ನಲ್ಲಿ ಒಂದೇ ಸಲಕ್ಕೆ ಲೀಟರಿಗೆ 4 ರೂ. ಏರಿತಲ್ಲ, ಅಂಥದ್ದು ಬಂದಾಗ ಮೆನು ದರ ಎಷ್ಟು ದಿನದಲ್ಲಿ, ಯಾರು ಹೇಳಿ ಏರಿಸ್ತಾರೆ ಅನ್ನೋದೂ ಅಲ್ಲೇ ಗೊತ್ತಾಗುತ್ತೆ. ಆ ಅಂಗಡಿಯ ಪುಸ್ತಕವೇ ನಿಮ್ಮ ಬ್ರೋಷರ್.

ಭಟ್ರ ವಿಷಯ: ಪ್ರತಿ ಶಾಖೆಗೆ ಇಬ್ಬರನ್ನ ತರಬೇತಿ ಮಾಡಿ, ಒಬ್ಬರನ್ನಲ್ಲ. ಹಬ್ಬಕ್ಕೆ ಊರಿಗೆ ಹೋದವರು ವಾಪಸ್ ಬರದೇ ಇರೋದು ಈ ಧಂಧೆಯ ಮಾಮೂಲು. ಕಾರ್ಡ್‌ಗಳನ್ನ ಫೋಟೊ ಹಾಕಿ, ಕನ್ನಡದ ಜೊತೆ ಹಿಂದಿಯಲ್ಲೂ ಮಾಡಿಸಿ. ಒಡಿಶಾ, ಜಾರ್ಖಂಡ್‌ನ ಹುಡುಗರೇ ಹಂಚಿನ ಮುಂದೆ ಇರೋದು.

ಹಂಚಿನಮನೆ:

ಹುಬ್ಬಳ್ಳಿಯವರು ಮಾತ್ರ ಕಾಯೋಕೆ ತಯಾರಿಲ್ಲ, "ಈಗಲೇ 1 ಲಕ್ಷ ಟೋಕನ್ ತಗೊಳ್ಳಿ, ಊರು ಬೇರೆಯವರಿಗೆ ಕೊಡಬೇಡಿ" ಅಂತಿದ್ದಾರೆ. ತಗೋಬಹುದಾ?

ಕರಾರುಪತ್ರ:

ತಗೋಬಹುದು, ಆದರೆ ಫೀ ಅಂತ ಅಲ್ಲ, ವಾಪಸ್ ಕೊಡುವ ಠೇವಣಿ ಅಂತ. ಎರಡು ಪುಟದ ಪತ್ರ ಸಾಕು: ಯಾವ ಪಿನ್‌ಕೋಡ್‌ಗಳು, ಯಾವ ದಿನಾಂಕದವರೆಗೆ ಬೇರೆಯವರಿಗೆ ಕೊಡಲ್ಲ, ಆ ದಿನಾಂಕದೊಳಗೆ ಕರಾರಿಗೆ ಸಹಿ ಆಗದಿದ್ದರೆ 15 ದಿನದಲ್ಲಿ ದುಡ್ಡು ಪೂರ್ತಿ ವಾಪಸ್, ಅಲ್ಲಿಯವರೆಗೆ ಅವರು ನಿಮ್ಮ ಹೆಸರು ಎಲ್ಲೂ ಬಳಸುವಂತಿಲ್ಲ. ದುಡ್ಡು ಬ್ಯಾಂಕ್ ಮೂಲಕವೇ ಬರಲಿ, ಅದನ್ನ ಚಿತ್ರದುರ್ಗದ ಅಂಗಡಿಗೆ ಹಾಕದೆ ಬೇರೆ ಖಾತೆಯಲ್ಲಿ ಇಡಿ.

ಗಲ್ಲಾಲೆಕ್ಕ:

ಅದಕ್ಕೆ ಸೇರಿಸೋದು: ವಾಪಸ್ ಕೊಡುವ ಠೇವಣಿಯಾಗಿ ಇರುವ ತನಕ ಜಿಎಸ್‌ಟಿ ಇಲ್ಲ. ಫೀಗೆ ಹೊಂದಿಸಿಕೊಂಡ ದಿನ ಶೇ. 18 ಕಟ್ಟಬೇಕು, ಇನ್‌ವಾಯ್ಸ್ ಆ ದಿನದ್ದು ಹಾಕಿ. ರಸೀದಿಯಲ್ಲಿ "ಫ್ರಾಂಚೈಸಿ ಅಡ್ವಾನ್ಸ್" ಅಂತ ಬರೆದರೆ ಅವತ್ತೇ ತೆರಿಗೆ ಬರುತ್ತೆ, "ಮರುಪಾವತಿ ಠೇವಣಿ" ಅಂತಲೇ ಬರೀರಿ.